ಆ ಶನಿವಾರದ ಎರಡು ಗಂಟೆ ಉಳಿಸಿಕೊಡಿ

ಮಾನ್ಯ ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಯ ಹಿರಿಯರಿಗೆ,

ನಮಸ್ಕಾರ.

ನಾನು ಮೈಸೂರಿನ ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಪಿಯುಸಿ, ಬಿ.ಕಾಂ. ಎರಡೂ ನಿಮ್ಮಲ್ಲೇ ಓದಿದೆ. ಒಟ್ಟು ನಾಲ್ಕು ವರ್ಷ ಫ್ರೆಂಚ್ ಕಲಿತೆ. ಕಾಲೇಜಿನ ಹೆಸರನ್ನು ಬೇಕಂತಲೇ ಇಲ್ಲಿ ಬರೆದಿಲ್ಲ. ನನಗೆ ಅನ್ನ ಕೊಟ್ಟ ಜಾಗಕ್ಕೆ ಕೆಟ್ಟ ಹೆಸರು ತರುವ ಆಸೆ ನನಗಿಲ್ಲ. ಆದರೂ ಬಹಿರಂಗವಾಗಿ ಬರೆಯುತ್ತಿದ್ದೇನೆ. ಈ ಮಾತು ಭಾಷಾ ವಿಭಾಗ ಇರುವ ಬೇರೆ ಕಾಲೇಜುಗಳಿಗೂ ಮುಟ್ಟಲಿ ಅಂತ.

ಕಳೆದ ತಿಂಗಳು ಜೂನಿಯರ್ ಹುಡುಗಿಯೊಬ್ಬಳು ವಾಟ್ಸ್ಯಾಪ್‌ನಲ್ಲಿ ನಿಮ್ಮ ಸುತ್ತೋಲೆಯ ಫೋಟೊ ಕಳಿಸಿದಳು. ಈ ವರ್ಷದಿಂದ ಫ್ರೆಂಚ್ ವಿಭಾಗದ ಶನಿವಾರದ ಕ್ಲಬ್ ಇರುವುದಿಲ್ಲ. ಆ ಕೋಣೆ ಪ್ಲೇಸ್‌ಮೆಂಟ್ ತರಬೇತಿಗೆ ಹೋಗುತ್ತದೆ. ವಿಭಾಗದ ಸ್ವಂತ ಕಾರ್ಯಕ್ರಮಗಳೂ ಇಲ್ಲ. ವರ್ಷಕ್ಕೊಂದು ದಿನ ಎಲ್ಲ ಭಾಷೆಗಳಿಗೂ ಸೇರಿ ‘ಭಾಷಾ ದಿನ’, ಒಂದೊಂದು ವಿಭಾಗಕ್ಕೆ ಇಪ್ಪತ್ತು ನಿಮಿಷ. ಕಾರಣ ಕೊಟ್ಟಿರುವ ಸಾಲು ಹೀಗಿದೆ: ‘ಪಠ್ಯಕ್ಕೆ ಸಂಬಂಧವಿಲ್ಲದ ಚಟುವಟಿಕೆ.’

ಆ ಸಾಲಿಗಾಗಿಯೇ ಈ ಪತ್ರ.

ನನ್ನ ಊರು ಪಾಂಡವಪುರ. ನಮ್ಮಜ್ಜಿ ಸಾಯುವವರೆಗೂ ಆ ಹೆಸರು ಹೇಳಲಿಲ್ಲ. ಅವರಿಗೆ ಅದು ‘ಪ್ರೆಂಚ್‌ರಾಕ್ಸು’. ಇನ್ನೂ ಹಳಬರಿಗೆ ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು, ಹಾಗಾಗಿ ಆ ಹೆಸರು. ರೈಲ್ವೆ ಸ್ಟೇಷನ್ನಿಗೂ ಒಂದು ಕಾಲಕ್ಕೆ ಅದೇ ಹೆಸರಿತ್ತು. ಆ ಫ್ರೆಂಚ್ ಅನ್ನುವುದು ಏನು ಅಂತ ಚಿಕ್ಕಂದಿನಿಂದ ನನಗೊಂದು ಕುತೂಹಲ. ಪಿಯುಸಿ ಅಡ್ಮಿಷನ್ ದಿನ ಕೌಂಟರ್‌ನಲ್ಲಿದ್ದವರು ‘ಫ್ರೆಂಚ್ ತಗೊಳಮ್ಮ, ಮಾರ್ಕ್ಸ್ ಜಾಸ್ತಿ ಬರುತ್ತೆ’ ಅಂದರು. ಕುತೂಹಲ ಅರ್ಧ, ಮಾರ್ಕ್ಸಿನ ಆಸೆ ಅರ್ಧ. ತಗೊಂಡೆ. ಅಪ್ಪ ಮಾತ್ರ ವಾಪಸ್ ಹೋಗುವ ರೈಲಿನಲ್ಲಿ ಒಂದೇ ಮಾತು ಕೇಳಿದರು. ‘ಅಲ್ಲ ಮಗ, ಕನ್ನಡ ಬಿಟ್ಬಿಟ್ಟೆಯಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಫ್ರೆಂಚ್ ಕ್ಲಾಸಿನಲ್ಲಿ ಹೆಚ್ಚಿನವರು ಮೈಸೂರಿನ ಇಂಗ್ಲಿಷ್ ಶಾಲೆಗಳಿಂದ ಬಂದವರು. ಮೊದಲ ವಾರ ಬಾಯಿ ಬಿಡಲಿಲ್ಲ. ಎರಡನೇ ವಾರ ಮೇಡಮ್ ಮೇಜು ತಟ್ಟಿ, ಅದಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೆ ಅಂತ ಒಬ್ಬೊಬ್ಬರ ಕೈಲೂ ಹೇಳಿಸಿದರು. ಎಲ್ಲರೂ ‘ಟಾಬ್ಲ್’ ಅಂದರು. ನಾನು ಹೆದರಿ ‘ತಾಬ್ಲ್’ ಅಂದೆ. ಮೇಡಮ್ ನಿಂತುಬಿಟ್ಟರು. ‘ಇನ್ನೊಂದು ಸಲ ಹೇಳು’ ಅಂದರು. ಮತ್ತೆ ಹೇಳಿದೆ. ‘ಎಲ್ಲರೂ ಕೇಳಿಸ್ಕೊಳ್ಳಿ, ಇದು ಸರಿ. ಫ್ರೆಂಚರ ತ, ದ ಎರಡೂ ನಮ್ಮ ಕನ್ನಡದ ತ, ದ ಹಾಗೆ. ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷಿನ ಟ, ಡ ಬೇಡ’ ಅಂದರು.

ಆ ಕ್ಲಾಸಿನಲ್ಲಿ ನನ್ನ ಕನ್ನಡ ನನಗೆ ಸಹಾಯಕ್ಕೆ ಬಂದ ಮೊದಲ ದಿನ ಅದು. ಆಮೇಲೆ ಒಂದೊಂದೇ ಗೊತ್ತಾಯಿತು. ಗೆಳೆಯರಿಗೆ ‘ತು’, ಹಿರಿಯರಿಗೆ ‘ವೂ’. ನಮ್ಮ ನೀನು, ನೀವು ಇದ್ದ ಹಾಗೆಯೇ. ಇಂಗ್ಲಿಷಿನಲ್ಲಿ ಯೋಚಿಸುವವರು ಅಲ್ಲಿ ಎಡವುತ್ತಿದ್ದರು. ಹಳ್ಳಿಯಿಂದ ಬಂದ ನಾವು ಮೂರು ಜನ ಒಂದು ದಿನವೂ ಎಡವಲಿಲ್ಲ.

ಆದರೆ ಕ್ಲಾಸು ಕ್ಲಾಸೇ. ಅರವತ್ತು ಜನ, ಐವತ್ತು ನಿಮಿಷ, ವ್ಯಾಕರಣ, ಅನುವಾದ, ಹಳೆಯ ಪ್ರಶ್ನೆಪತ್ರಿಕೆ. ಒಬ್ಬೊಬ್ಬರು ಬಾಯಿ ತೆರೆಯಲು ಅಲ್ಲಿ ಒಂದು ನಿಮಿಷವೂ ಸಿಗುವುದಿಲ್ಲ. ಇದಕ್ಕೆ ಮೇಡಮ್ಮನ್ನು ದೂರುವ ಹಾಗಿಲ್ಲ, ವೇಳಾಪಟ್ಟಿಯೇ ಹಾಗಿದೆ. ಬಾಯಿ ತೆರೆಯಲು ಇದ್ದದ್ದು ಶನಿವಾರ ಮಧ್ಯಾಹ್ನದ ಎರಡು ಗಂಟೆ. ಮೊದಲ ಮಹಡಿಯ ಕೊನೆಯ ಕೋಣೆ. ಗೋಡೆ ಮೇಲೆ ಮಾಸಿದ ಫ್ರಾನ್ಸ್ ನಕ್ಷೆ, ಒಂದು ಕಾಲು ಅಲ್ಲಾಡುವ ಮೇಜು.

ಅಲ್ಲಿ ಏನು ನಡೆಯುತ್ತಿತ್ತು ಅಂತ ಸುತ್ತೋಲೆ ಬರೆದವರಿಗೆ ಬಹುಶಃ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ.

ಒಂದು ಶನಿವಾರ ಮೇಡಮ್ ಸಣ್ಣ ನಾಟಕ ಮಾಡಿ ಅಂದರು. ಪ್ಯಾರಿಸ್ಸಿನ ಕೆಫೆ ಬೇಡ, ನಿಮಗೆ ಗೊತ್ತಿರುವ ಜಾಗ ತಗೊಳ್ಳಿ ಅಂದರು. ನಾವು ದೇವರಾಜ ಮಾರ್ಕೆಟ್ ತಗೊಂಡೆವು. ನಾನು ಹೂವಿನವಳು. ಗೆಳತಿ ಮಲ್ಲಿಗೆ ಕೊಳ್ಳಲು ಬಂದವಳು. ಚೌಕಾಸಿ ಪೂರ್ತಿ ಫ್ರೆಂಚಿನಲ್ಲಿ ನಡೆಯಬೇಕು. ತೊಂಬತ್ತೇಳು ರೂಪಾಯಿ ಅನ್ನಬೇಕಾಗಿ ಬಂದಾಗ ಸಿಕ್ಕಿಬಿದ್ದೆ. ಫ್ರಾನ್ಸಿನಲ್ಲಿ ತೊಂಬತ್ತೇಳಕ್ಕೆ ‘ಕಾತ್ರ್-ವ್ಯಾಂ-ದೀಸ್-ಸೆತ್’ ಅನ್ನುತ್ತಾರೆ. ಅಂದರೆ ನಾಲ್ಕು ಇಪ್ಪತ್ತು, ಹತ್ತು, ಏಳು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಎದುರಿಗೆ ಗಿರಾಕಿ ನಿಂತಾಗ ಬಾಯಿಗೆ ಬರಲಿಲ್ಲ. ಆವತ್ತು ಹದಿನೈದು ಸಲ ಹೇಳಿದ್ದೇನೆ.

ಅದೇ ನಾಟಕದಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಮಲ್ಲಿಗೆಯನ್ನು ನಾವು ಮಾರು ಲೆಕ್ಕದಲ್ಲಿ ಕೊಳ್ಳುತ್ತೇವೆ. ‘ಮಾರು’ ಅನ್ನುವುದಕ್ಕೆ ಫ್ರೆಂಚಿನಲ್ಲಿ ಏನು? ಮೀಟರ್ ಅಂದುಬಿಡೋಣ ಅಂದುಕೊಂಡೆವು. ಮೇಡಮ್ ಬಿಡಲಿಲ್ಲ. ಎರಡೂ ಕೈ ಚಾಚಿ ತೋರಿಸಿ ಅಂದರು. ತೋರಿಸಿದೆವು. ‘ಅವರಲ್ಲೂ ಅದೇ ಅಳತೆ ಇದೆ, ಬ್ರಾಸ್ ಅನ್ನುತ್ತಾರೆ. ಹಡಗಿನವರು ಹಗ್ಗ ಅಳೆಯುತ್ತಿದ್ದದ್ದು, ಸಮುದ್ರದ ಆಳ ನೋಡುತ್ತಿದ್ದದ್ದು ಅದರಲ್ಲೇ’ ಅಂದರು. ನಮ್ಮ ಮಾರ್ಕೆಟ್ಟಿನ ಹೂವಿನಮ್ಮ ಕೈ ಚಾಚುವ ಹಾಗೇ ಅಲ್ಲಿನ ನಾವಿಕನೂ ಕೈ ಚಾಚುತ್ತಿದ್ದ! ಈ ಮಾತು ಯಾವ ಪಠ್ಯದಲ್ಲೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಕಲಿತ ಎಷ್ಟೋ ಪದ ಮರೆತಿದ್ದೇನೆ, ಅದೊಂದು ಮರೆತಿಲ್ಲ.

ಫೆಬ್ರವರಿ 2 ಬಂದರೆ ಶಾಂದ್‌ಲರ್. ಕ್ರಿಸ್‌ಮಸ್ ಆಗಿ ನಲವತ್ತು ದಿನಕ್ಕೆ ಬರುವ ಹಬ್ಬ. ಫ್ರಾನ್ಸಿನಲ್ಲಿ ಅವತ್ತು ಮನೆ ಮನೆಯಲ್ಲಿ ಕ್ರೆಪ್ ಮಾಡುತ್ತಾರೆ. ಕ್ರೆಪ್ ಅಂದರೆ ತೆಳ್ಳಗಿನ ದೋಸೆ ಅಂದುಕೊಳ್ಳಿ. ಮೈದಾ, ಹಾಲು, ಮೊಟ್ಟೆ, ಸ್ವಲ್ಪ ಬೆಣ್ಣೆ. ಒಂದು ಕೈಯಲ್ಲಿ ನಾಣ್ಯ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆ ಎತ್ತಿ ಕ್ರೆಪ್ ಹಾರಿಸಿ ಮಗುಚಬೇಕು. ಅದು ಮಡಚಿಕೊಳ್ಳದೆ ಸರಿಯಾಗಿ ಬಿದ್ದರೆ ಆ ವರ್ಷ ಕೈಯಲ್ಲಿ ದುಡ್ಡು ಓಡಾಡುತ್ತದೆ ಅನ್ನುವ ನಂಬಿಕೆ.

ನಮ್ಮ ಕ್ಯಾಂಟೀನಿನಲ್ಲಿ ಮೊಟ್ಟೆ ತರುವ ಹಾಗಿರಲಿಲ್ಲ. ಮೊಟ್ಟೆ ಇಲ್ಲದೆ ಕಲಸಿದೆವು. ಮೊದಲ ಮೂರು ಕಾವಲಿಗೆ ಅಂಟಿ ಹರಿದುಹೋದವು. ದೂರದಲ್ಲಿ ನಿಂತು ನೋಡುತ್ತಿದ್ದ ಅಡುಗೆ ಅಣ್ಣನಿಗೆ ತಡೆಯಲಾಗಲಿಲ್ಲ. ಬಂದು ಸೌಟಿನಲ್ಲಿ ಹಿಟ್ಟು ಎತ್ತಿ ಬಿಟ್ಟು ನೋಡಿದರು. ‘ಇದು ನೀರುದೋಸೆ ಹದಕ್ಕೆ ಬರ್ಬೇಕು ಕಣಮ್ಮ’ ಅಂತ ಇನ್ನೊಂದು ಲೋಟ ಹಾಲು ಸುರಿದರು. ಅರ್ಧ ಈರುಳ್ಳಿ ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜಿದರು. ಆಮೇಲೆ ಎದ್ದ ಕ್ರೆಪ್ ರೇಷ್ಮೆಯ ಹಾಗಿತ್ತು. ಈರುಳ್ಳಿ ವಾಸನೆ ಒಂಚೂರು ಇತ್ತು, ನಿಜ. ಸಕ್ಕರೆ ಉದುರಿಸಿ, ನಿಂಬೆಹಣ್ಣು ಹಿಂಡಿ ತಿಂದೆವು. ನನ್ನ ಕೈಯಲ್ಲಿದ್ದದ್ದು ಐದು ರೂಪಾಯಿ ನಾಣ್ಯ.

ಆವತ್ತಿನ ನಿಯಮ ಒಂದೇ. ಒಲೆ ಹತ್ತಿರ ಫ್ರೆಂಚ್ ಬಿಟ್ಟು ಬೇರೆ ಮಾತಿಲ್ಲ. ಸುರಿ, ಕಲಸು, ತಿರುಗಿಸು, ಇನ್ನೂ ಸ್ವಲ್ಪ, ಸಾಕು, ಸೀದುಹೋಗ್ತಿದೆ. ಆಜ್ಞಾರ್ಥಕ ರೂಪ ಅಂತ ಎರಡು ಕ್ಲಾಸು ಪಾಠ ಆಗಿತ್ತು. ತಲೆಗೆ ಹೋಗಿರಲಿಲ್ಲ. ಒಲೆ ಮುಂದೆ ಅರ್ಧ ಗಂಟೆಯಲ್ಲಿ ನಾಲಿಗೆ ಮೇಲೆ ಕೂತಿತು. ಕೊನೆ ಕೊನೆಗೆ ಅಡುಗೆ ಅಣ್ಣ ಕೂಡ ‘ತೂರ್ನ್! ತೂರ್ನ್!’ ಅನ್ನುತ್ತಿದ್ದರು. ಇದು ಪಠ್ಯಕ್ಕೆ ಸಂಬಂಧವಿಲ್ಲದ್ದಾ ಸರ್?

ಡಿಕ್ಟೇ ಸ್ಪರ್ಧೆಯ ಬಗ್ಗೆಯೂ ಒಂದು ಮಾತು. ಡಿಕ್ಟೇ ಅಂದರೆ ನಮ್ಮ ಪ್ರೈಮರಿ ಶಾಲೆಯ ಉಕ್ತಲೇಖನ. ಫ್ರಾನ್ಸಿನಲ್ಲಿ ಅದಕ್ಕೆ ಎಷ್ಟು ಹುಚ್ಚು ಅಂದರೆ, 1985ರಲ್ಲಿ ಶುರುವಾದ ಒಂದು ಡಿಕ್ಟೇ ಸ್ಪರ್ಧೆಯನ್ನು ಟಿವಿಯಲ್ಲೇ ತೋರಿಸುತ್ತಿದ್ದರು. ದೊಡ್ಡವರೇ ಪೆನ್ನು ಹಿಡಿದು ಕೂರುತ್ತಿದ್ದರು. ಕಾರಣ ಇದೆ. ಆ ಭಾಷೆಯಲ್ಲಿ ‘ಅವನು ಮಾತಾಡುತ್ತಾನೆ’, ‘ಅವರು ಮಾತಾಡುತ್ತಾರೆ’ ಎರಡೂ ಕಿವಿಗೆ ಒಂದೇ, ‘ಇಲ್ ಪಾರ್ಲ್’. ಬರೆಯುವಾಗ ಮಾತ್ರ ಬೇರೆ ಬೇರೆ. ಹೇಳದ ಅಕ್ಷರವನ್ನು ಬರೆಯಬೇಕು. ಹೇಳಿದಂತೆಯೇ ಬರೆಯುವ ಕನ್ನಡದಿಂದ ಬಂದ ನಮಗೆ ಇದು ದೊಡ್ಡ ಬೆಟ್ಟ. ತಿಂಗಳಿಗೊಂದು ಸಲ ಹತ್ತು ಸಾಲು ಡಿಕ್ಟೇ ಬರೆದೂ ಬರೆದೂ ಆ ಬೆಟ್ಟ ಹತ್ತಿದೆವು.

ಈಗ ಪ್ಲೇಸ್‌ಮೆಂಟ್ ವಿಚಾರಕ್ಕೆ ಬರುತ್ತೇನೆ. ನಿಮಗೆ ಅದು ಮುಖ್ಯ, ನನಗೂ ಮುಖ್ಯ. ಕಷ್ಟಪಟ್ಟು ಓದಿಸುವ ಅಪ್ಪ ಅಮ್ಮಂದಿರಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಫ್ರೆಂಚ್ ಕಲಿತವರನ್ನು ಕೆಲಸಕ್ಕೆ ಕರೆಯುವ ಕಂಪನಿಗಳು ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿರುವ ತೊಂಬತ್ತೈದನ್ನು ಅಷ್ಟಾಗಿ ನೋಡುವುದಿಲ್ಲ. ಡೆಲ್ಫ್ ಆಗಿದೆಯಾ ಅಂತ ಕೇಳುತ್ತಾರೆ. ಅದು ಫ್ರಾನ್ಸ್ ಸರ್ಕಾರದ ಶಿಕ್ಷಣ ಇಲಾಖೆಯ ಡಿಪ್ಲೊಮಾ. ಒಂದು ಸಲ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ನೂರು ಅಂಕ, ನಾಲ್ಕು ಭಾಗ, ಒಂದೊಂದಕ್ಕೆ 25. ಕೇಳಿ ಅರ್ಥ ಮಾಡಿಕೊಳ್ಳುವುದು, ಓದಿ ಅರ್ಥ ಮಾಡಿಕೊಳ್ಳುವುದು, ಬರೆಯುವುದು, ಮಾತಾಡುವುದು. ಪಾಸಾಗಲು ಐವತ್ತು ಬೇಕು, ಯಾವ ಭಾಗದಲ್ಲೂ ಐದಕ್ಕಿಂತ ಕಡಿಮೆ ಬರಬಾರದು. ಅಂದರೆ ನೂರರಲ್ಲಿ ಅರ್ಧದಷ್ಟು ಅಂಕ ಕಿವಿಗೆ ಮತ್ತು ಬಾಯಿಗೆ. ನಮ್ಮ ಕಾಲೇಜಿನ ಮೂರು ಗಂಟೆಯ ಪರೀಕ್ಷೆಯಲ್ಲಿ ಕಿವಿಗೂ ಬಾಯಿಗೂ ಒಂದು ಅಂಕವೂ ಇರಲಿಲ್ಲ.

ಕಿವಿ ಬಾಯಿ ಎರಡೂ ತಯಾರಾದದ್ದು ಶನಿವಾರದ ಕೋಣೆಯಲ್ಲಿ. ಡಿಗ್ರಿ ಮುಗಿದ ವರ್ಷ ಬೆಳಗಿನ ರೈಲು ಹತ್ತಿ ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್ ಅನ್ನುವ ಫ್ರೆಂಚ್ ಭಾಷಾ ಕೇಂದ್ರಕ್ಕೆ ಹೋಗಿ ಡೆಲ್ಫ್‌ನ ಬಿ1 ಹಂತದ ಪರೀಕ್ಷೆ ಬರೆದೆ. ಮಾತಿನ ಪರೀಕ್ಷೆಯಲ್ಲಿ ಒಂದು ಭಾಗ ಎದುರಿಗೆ ಕೂತ ಪರೀಕ್ಷಕರ ಜೊತೆ ಸನ್ನಿವೇಶ ಅಭಿನಯಿಸುವುದು. ನನಗೆ ಅಂಗಡಿಯ ಸನ್ನಿವೇಶ ಬಂತು. ಮಾತಾಡಿದ್ದು ನಾನಲ್ಲ, ನನ್ನೊಳಗಿನ ದೇವರಾಜ ಮಾರ್ಕೆಟ್ಟಿನ ಹೂವಿನವಳು.

ಕೆಲಸ ಸಿಕ್ಕಿತು. ಬಿಲ್ಲು, ಇನ್‌ವಾಯ್ಸ್ ನೋಡುವ ಕೆಲಸ. ಮೊದಲ ತಿಂಗಳೇ ಬೆಲ್ಜಿಯಂನಿಂದ ಫೋನ್ ಬಂತು. ಆ ಹೆಂಗಸು ‘ನೊನಾಂತ್-ಸೆತ್’ ಅಂದರು. ಬೆಲ್ಜಿಯಂನವರು, ಸ್ವಿಟ್ಜರ್ಲೆಂಡಿನವರು ತೊಂಬತ್ತಕ್ಕೆ ನಾಲ್ಕು ಇಪ್ಪತ್ತು ಹತ್ತು ಅನ್ನುವುದಿಲ್ಲ, ನೇರ ನೊನಾಂತ್ ಅನ್ನುತ್ತಾರೆ. ನನಗೆ ತಕ್ಷಣ ಗೊತ್ತಾಯಿತು. ಪಕ್ಕದಲ್ಲಿದ್ದವನಿಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬಂದಿತ್ತು, ಅವನಿಗೆ ಗೊತ್ತಾಗಲಿಲ್ಲ. ಅವನ ಕಾಲೇಜಿನಲ್ಲಿ ಕ್ಲಬ್ ಇರಲಿಲ್ಲ. ನಮ್ಮಲ್ಲಿ ಮಾರ್ಚ್ 20ಕ್ಕೆ ಫ್ರಾಂಕೊಫೊನಿ ದಿನ ಮಾಡುತ್ತಿದ್ದರು. 1970ರಲ್ಲಿ ಅದೇ ದಿನ ನೈಜರ್ ದೇಶದ ನಿಯಾಮೆ ಊರಿನಲ್ಲಿ ಫ್ರೆಂಚ್ ಮಾತಾಡುವ ದೇಶಗಳು ಸೇರಿ ಸಂಘ ಕಟ್ಟಿಕೊಂಡವು. ಆ ದಿನಕ್ಕೆ ಮೇಡಮ್ ನಮಗೆ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟು, ಅಲ್ಲಿನವರ ಮಾತು ಕೇಳಿ ಬನ್ನಿ, ಬಂದು ಹೇಳಿ ಅನ್ನುತ್ತಿದ್ದರು. ನೊನಾಂತ್ ನನಗೆ ಸಿಕ್ಕಿದ್ದು ಆವತ್ತು, ಬೆಲ್ಜಿಯಂ ಪಾಲಿಗೆ ಬಂದಿದ್ದ ಗೆಳತಿಯ ಬಾಯಿಂದ.

ಪ್ಲೇಸ್‌ಮೆಂಟ್ ತರಬೇತಿಗೆ ಅಂತ ನೀವು ಈಗ ಖಾಲಿ ಮಾಡಿಸುತ್ತಿರುವ ಕೋಣೆ, ನನಗೆ ಪ್ಲೇಸ್‌ಮೆಂಟ್ ಕೊಡಿಸಿದ ಕೋಣೆ. ಇಷ್ಟನ್ನು ದಯವಿಟ್ಟು ಸಭೆಯಲ್ಲಿ ಓದಿ ಹೇಳಿ.

ಮಾರ್ಚ್ 20ರಂದು ನನಗೆ ಬಂದದ್ದು ಸೆನೆಗಲ್. ಸೆನೆಗಲ್ ಬಗ್ಗೆ ಹುಡುಕುತ್ತಾ ಹೋದಾಗ ಉಡುಪಿ ಎದುರಾಯಿತು! ತುಳು ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಡಾ. ಯು. ಪಿ. ಉಪಾಧ್ಯಾಯರು ಅದಕ್ಕೂ ಮುಂಚೆ ಸೆನೆಗಲ್‌ನ ಡಾಕರ್‌ನಲ್ಲಿದ್ದು, ದ್ರಾವಿಡ ಭಾಷೆಗಳಿಗೂ ಆಫ್ರಿಕಾದ ಭಾಷೆಗಳಿಗೂ ನಂಟಿದೆಯಾ ಅಂತ ಕೆಲಸ ಮಾಡಿದವರು. ಆಗ ಆ ದೇಶದ ಅಧ್ಯಕ್ಷರಾಗಿದ್ದ ಸೆಂಘೋರ್ ಸ್ವತಃ ಫ್ರೆಂಚ್ ಕವಿ, ದ್ರಾವಿಡ ಭಾಷೆಗಳ ಬಗ್ಗೆ ಅವರಿಗೆ ತುಂಬಾ ಆಸಕ್ತಿ ಇತ್ತು. ನಾನು ಇದನ್ನು ಫ್ರೆಂಚಿನಲ್ಲಿ ತಡವರಿಸುತ್ತಾ ಹೇಳಿದಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಕನ್ನಡ ವಿಭಾಗದ ಮೇಷ್ಟ್ರು. ಮುಗಿದ ಮೇಲೆ ಒಳಗೆ ಬಂದು, ‘ಇದನ್ನೇ ಕನ್ನಡದಲ್ಲಿ ಬರೆದುಕೊಡು, ಕಾಲೇಜು ಸಂಚಿಕೆಗೆ ಹಾಕೋಣ’ ಅಂದರು. ಬರೆದುಕೊಟ್ಟೆ. ಹತ್ತನೇ ತರಗತಿ ಆದಮೇಲೆ ನಾನು ಕನ್ನಡದಲ್ಲಿ ಎರಡು ಪುಟ ಬರೆದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಎರಡೂ ವಿಭಾಗ ಸೇರಿ ನವೆಂಬರ್‌ನಲ್ಲಿ ಒಂದು ಸಂಜೆ ಮಾಡಲು ಶುರು ಮಾಡಿದವು. ನಾವು ಫ್ರೆಂಚ್ ಕವಿತೆಯನ್ನು ಕನ್ನಡಕ್ಕೆ ತರಬೇಕು. ಕನ್ನಡದವರು ಅದನ್ನು ತಿದ್ದಬೇಕು. ಕನ್ನಡ ಗಾದೆಯನ್ನು ನಾವು ಫ್ರೆಂಚಿಗೆ ಒಯ್ಯಬೇಕು. ಎರಡು ಕಡೆಯ ಜಗಳ ನೋಡುವ ಹಾಗಿರುತ್ತಿತ್ತು. ‘ಇದು ಕನ್ನಡ ಅಲ್ಲ, ಇದರೊಳಗೆ ಇಂಗ್ಲಿಷ್ ಕೂತಿದೆ’ ಅಂತ ಮೇಷ್ಟ್ರು ಗೆರೆ ಎಳೆದರೆ ಮತ್ತೆ ಬರೆಯಬೇಕು. ಹಾಸನದಲ್ಲಿ 1908ರಲ್ಲಿ ಹುಟ್ಟಿದ ಕಾದಂಬರಿಕಾರ ರಾಜಾ ರಾವ್ 1929ರಲ್ಲಿ ಫ್ರಾನ್ಸಿನ ಮೋಂಪೆಲಿಯೆಗೆ ಓದಲು ಹೋದದ್ದು, ಇಂಗ್ಲಿಷಿನಲ್ಲಿ ಹೆಸರು ಮಾಡುವ ಮುಂಚೆ ಕನ್ನಡದಲ್ಲೂ ಬರೆದದ್ದು ನನಗೆ ಗೊತ್ತಾದದ್ದು ಅಂಥದ್ದೊಂದು ಸಂಜೆ. ಮೂರನೇ ವರ್ಷ ಅಪ್ಪ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದರು. ವಾಪಸ್ ರೈಲಿನಲ್ಲಿ, ‘ಬಿಟ್ಟಿಲ್ಲ ಬಿಡು’ ಅಂದರು. ಅಷ್ಟೇ.

ಕನ್ನಡ ಬಿಟ್ಟು ಫ್ರೆಂಚ್ ಯಾಕೆ ಅಂತ ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ಮಾರ್ಕ್ಸಿಗೋಸ್ಕರ ಭಾಷೆ ಬದಲಿಸುವುದು ನಿಜ, ಅದು ಒಳ್ಳೆಯದಲ್ಲ ಅನ್ನುವುದೂ ನಿಜ. ನಾನೇ ಅರ್ಧ ಹಾಗೆ ಬಂದವಳು. ಆದರೆ ಕಾರ್ಯಕ್ರಮ ನಿಲ್ಲಿಸಿದರೆ ಮಾರ್ಕ್ಸಿಗೆ ಬರುವವರು ನಿಲ್ಲುವುದಿಲ್ಲ. ಅವರಿಗೆ ಕ್ಲಬ್ ಬೇಡ, ಗೈಡ್ ಪುಸ್ತಕ ಸಾಕು. ನಿಲ್ಲುವುದು ಆ ನವೆಂಬರ್ ಸಂಜೆ. ಇಪ್ಪತ್ತು ನಿಮಿಷದ ‘ಭಾಷಾ ದಿನ’ದಲ್ಲಿ ಅದಕ್ಕೆ ಜಾಗ ಎಲ್ಲಿದೆ?

ನಮ್ಮ ವಿಭಾಗ ಮಾಡಿದ್ದೆಲ್ಲ ಸರಿ ಅಂತಲೂ ನಾನು ಹೇಳುವುದಿಲ್ಲ. ನನ್ನ ಕೊನೆಯ ವರ್ಷದ ವಾರ್ಷಿಕ ಕಾರ್ಯಕ್ರಮ ನನಗೆ ಇಷ್ಟವಾಗಲಿಲ್ಲ. ಥರ್ಮಾಕೋಲ್ ಐಫೆಲ್ ಟವರ್, ಫ್ಯಾಶನ್ ಶೋ, ಡಿಜೆ, ಮುಖ್ಯ ಅತಿಥಿ, ಶಾಲು, ಹಾರ. ಮೂರು ಗಂಟೆಯಲ್ಲಿ ಫ್ರೆಂಚ್ ಮಾತು ಹತ್ತು ನಿಮಿಷ ಇರಲಿಲ್ಲ. ವರದಿಗೆ ಫೋಟೊ ಬೇಕು ಅಂತ ಮೇಲಿನಿಂದ ಹೇಳಿದ್ದರಂತೆ. ಅಂಥದ್ದನ್ನು ನಿಲ್ಲಿಸಿ, ನಾನೇನೂ ಕೇಳುವುದಿಲ್ಲ. ಅದರ ದುಡ್ಡಿನಲ್ಲಿ ನಮ್ಮ ಶನಿವಾರಗಳು ನಾಲ್ಕು ವರ್ಷ ನಡೆಯುತ್ತವೆ. ಒಂದು ವರ್ಷ ನಾನೇ ಕ್ಲಬ್ಬಿನ ಖಜಾಂಚಿಯಾಗಿದ್ದೆ. ಕ್ರೆಪ್ ಹಿಟ್ಟು, ಚಾರ್ಟ್ ಪೇಪರ್, ಜೆರಾಕ್ಸ್, ಶ್ರೀರಂಗಪಟ್ಟಣಕ್ಕೆ ಹೋಗಿ ಬಂದ ಬಸ್ ಚಾರ್ಜು ಎಲ್ಲ ಸೇರಿ ಆರು ಸಾವಿರ ದಾಟಿರಲಿಲ್ಲ.

ಶ್ರೀರಂಗಪಟ್ಟಣದ ಆ ದಿನವನ್ನೂ ಹೇಳಿಬಿಡುತ್ತೇನೆ. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಅದಾಗಿ ಒಂದು ವರ್ಷಕ್ಕೆ ಅಲ್ಲಿ ಕ್ರಾಂತಿ. ಟಿಪ್ಪು ಸತ್ತ ಮೇಲೆ ಇದೇ ಪಟ್ಟಣಕ್ಕೆ ಬಂದು ನೆಲೆಸಿದ ಫ್ರೆಂಚ್ ಪಾದ್ರಿ ದ್ಯುಬ್ವಾ ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ಊರೂರು ಸುತ್ತಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಅನ್ನುತ್ತಿದ್ದರು. ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ನಿಂತು ಗೈಡ್ ಹಾಗೆ ಫ್ರೆಂಚಿನಲ್ಲಿ ವಿವರಿಸಬೇಕಿತ್ತು. ಗಂಜಾಂ ಹತ್ತಿರ ನಾನು ದ್ಯುಬ್ವಾ ಕತೆ ಹೇಳುತ್ತಿರುವಾಗ ಎಳನೀರು ಮಾರುವ ತಾತ ಬಂದು ನಿಂತು, ‘ಇದ್ಯಾವ ಭಾಷೆ ಮಗ?’ ಅಂದರು. ಹೇಳಿದೆ. ‘ಓ, ಪ್ರೆಂಚ್‌ರಾಕ್ಸ್‌ನೋರ್ದು’ ಅಂದರು. ಅಜ್ಜಿ ನೆನಪಾಗಿ ನನಗೆ ಮಾತು ನಿಂತುಹೋಯಿತು.

ನನ್ನ ಕೋರಿಕೆ ದೊಡ್ಡದೇನಲ್ಲ. ಶನಿವಾರದ ಎರಡು ಗಂಟೆ ವಾಪಸ್ ಕೊಡಿ. ಆ ಕೋಣೆ ಆಗದಿದ್ದರೆ ಬೇರೆ ಯಾವುದಾದರೂ ಕೋಣೆ, ಮರದ ಕೆಳಗಿನ ಕಟ್ಟೆಯಾದರೂ ಆಗುತ್ತದೆ. ಅದನ್ನು ಮೇಡಮ್ಮನ ಕೆಲಸದ ಅವಧಿಯಲ್ಲೇ ಲೆಕ್ಕ ಹಿಡಿಯಿರಿ. ಇಷ್ಟು ವರ್ಷ ಅವರು ತಮ್ಮ ಮನೆಯ ಸಮಯ ಕೊಟ್ಟು ಮಾಡಿದ್ದಾರೆ, ಅದು ನ್ಯಾಯ ಅಲ್ಲ. ಕನ್ನಡ ವಿಭಾಗದ ಜೊತೆಗಿನ ನವೆಂಬರ್ ಸಂಜೆಯನ್ನು ಕಾಲೇಜಿನ ಕ್ಯಾಲೆಂಡರ್‌ನಲ್ಲಿ ಅಚ್ಚು ಹಾಕಿಸಿ. ವರ್ಷದ ಆರು ಸಾವಿರ ಕಷ್ಟವಾದರೆ ಹೇಳಿ. ನಮ್ಮ ಬ್ಯಾಚಿನ ಹನ್ನೊಂದು ಜನ ಸೇರಿ ಕೊಡುತ್ತೇವೆ ಅಂತ ಈಗಾಗಲೇ ಮಾತಾಡಿಕೊಂಡಿದ್ದೇವೆ.

ಯಾವ ಶನಿವಾರ ಕರೆದರೂ ಬಂದು ಎದುರಿಗೆ ಕೂತು ಮಾತಾಡಲು ನಾನು ಸಿದ್ಧ. ಈಗ ಓದುತ್ತಿರುವ ಹುಡುಗರನ್ನೂ ಆ ಮಾತುಕತೆಗೆ ಕರೆಯಿರಿ. ಮುಂದಿನ ಫೆಬ್ರವರಿ 2ಕ್ಕೆ ಕಾವಲಿ, ಹಿಟ್ಟು, ನಿಂಬೆಹಣ್ಣು ಎಲ್ಲ ನಾನೇ ತರುತ್ತೇನೆ. ಅಡುಗೆ ಅಣ್ಣ ಇನ್ನೂ ಅಲ್ಲೇ ಇದ್ದಾರೆ ಅಂತ ಜೂನಿಯರ್ ಹೇಳಿದಳು. ಅವರಿಗೆ ಒಂದು ಮಾತು ತಿಳಿಸಿ, ಕೋಣೆಯ ಬೀಗ ತೆಗೆಸಿಡಿ.

ಇಂತಿ ನಮಸ್ಕಾರಗಳೊಂದಿಗೆ,
ಪಾಂಡವಪುರದ ನಿಮ್ಮ ಹಳೆಯ ವಿದ್ಯಾರ್ಥಿನಿ